ದೇವಲಿ ಶಿಬಿರ ಮತ್ತು ‘ಶತ್ರು’ ಎಂಬ ಪದ

ಯುದ್ಧಕಾಲದಲ್ಲಿ ಶತ್ರುದೇಶದ ಪ್ರಜೆಗಳನ್ನು ವಿಚಾರಣೆಯಿಲ್ಲದೆ ಶಿಬಿರದಲ್ಲಿ ಕೂಡಿಹಾಕುವುದಕ್ಕೆ ಇಂಟರ್ನ್‌ಮೆಂಟ್ ಎನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸುಮಾರು 1,20,000 ಜಪಾನೀ ಮೂಲದವರನ್ನು ಹೀಗೆ ಇಟ್ಟಿದ್ದು ಹಲವರಿಗೆ ಗೊತ್ತು. ನಮ್ಮ ದೇಶದಲ್ಲೂ ಇದು ನಡೆದಿದೆ.

1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್‌ನಲ್ಲಿ ಚೀನೀ ಸೇನೆ ಅಸ್ಸಾಂ ಬಯಲಿನ ಹತ್ತಿರ ಬಂದಾಗ ತೇಜ್‌ಪುರದ ಜನ ಊರು ಬಿಟ್ಟು ಹೋದರು. ಆ ಭಯ ಸುಳ್ಳಲ್ಲ, ಅದನ್ನು ಮೊದಲು ಒಪ್ಪಬೇಕು. ಆದರೆ ಪೊಲೀಸರು ಹಿಡಿದದ್ದು ಯಾರನ್ನು? ಮಾಕುಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಬಡಗಿಗಳನ್ನು, ಅಂಗಡಿಯವರನ್ನು, ಹೋಟೆಲಿನವರನ್ನು, ಜೊತೆಗೆ ಹೆಂಗಸರು ಮಕ್ಕಳನ್ನು. ಅಸ್ಸಾಂನ ಚಹಾ ತೋಟಗಳಿಗೆ ಚೀನೀ ಕೆಲಸಗಾರರನ್ನು ಬ್ರಿಟಿಷರು 1830ರ ದಶಕದಲ್ಲೇ ಕರೆತಂದಿದ್ದರು. ಹಿಡಿದವರಲ್ಲಿ ಅನೇಕರು ಇಲ್ಲೇ ಹುಟ್ಟಿದವರು, ಚೀನಾವನ್ನು ನೋಡಿಯೇ ಇರಲಿಲ್ಲ.

ಸುಮಾರು 3,000 ಜನರನ್ನು ರಾಜಸ್ಥಾನದ ದೇವಲಿಗೆ ಕಳಿಸಿದರು. ಅಸ್ಸಾಂನಿಂದ ರೈಲಿನಲ್ಲಿ ಹೋಗಲು ಒಂದು ವಾರ ಹಿಡಿಯಿತು. (1941ರಲ್ಲಿ ಬ್ರಿಟಿಷರು ಜಯಪ್ರಕಾಶ ನಾರಾಯಣರನ್ನು ಇಟ್ಟಿದ್ದೂ ದೇವಲಿಯಲ್ಲೇ.) ನವೆಂಬರ್ 21ಕ್ಕೆ ಕದನ ನಿಂತಿತು. ಶಿಬಿರ ನಿಲ್ಲಲಿಲ್ಲ. ಕೊನೆಯವರು ಬಿಡುಗಡೆಯಾದದ್ದು 1967ರಲ್ಲಿ. ಅಷ್ಟರಲ್ಲಿ ಬಹಳ ಜನರನ್ನು ಹಡಗಿನಲ್ಲಿ ಚೀನಾಕ್ಕೆ ಕಳಿಸಲಾಗಿತ್ತು.

ನನಗೆ ಹೆಚ್ಚು ಆಶ್ಚರ್ಯ ತಂದದ್ದು ಕಾನೂನು. 1962ರಲ್ಲಿ ಮಾಡಿದ ಬದಲಾವಣೆಯಿಂದ, ಭಾರತೀಯ ಮೂಲದವನಲ್ಲದ ಒಬ್ಬನ ತಂದೆ, ತಾಯಿ, ಅಜ್ಜ ಅಥವಾ ಅಜ್ಜಿ ಶತ್ರುದೇಶದ ಪ್ರಜೆಯಾಗಿದ್ದರೂ ಸಾಕು, ವಿದೇಶೀಯರ ಮೇಲಿನ ನಿರ್ಬಂಧ ಅವನಿಗೂ ಅನ್ವಯಿಸಬಹುದಿತ್ತು. ಅವನ ಕೈಯಲ್ಲಿ ಭಾರತದ ಪೌರತ್ವ ಇದ್ದರೂ ಅಷ್ಟೇ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ‘ದುಶ್ಮನ್’ ಎಂದರೆ ಕೇಡು ಮಾಡಿದವನು. ಈ ಕಾನೂನಿನ ಶತ್ರು ಏನನ್ನೂ ಮಾಡಿರಬೇಕಾಗಿಲ್ಲ.

ಇನ್ನು ನಮ್ಮ ವಿಷಯ, ವಾಣಿಜ್ಯ. ವರ್ಷಗಟ್ಟಲೆ ಬೀಗ ಹಾಕಿದ ಅಂಗಡಿಯ ಸರಕು ಏನಾಗುತ್ತದೆ? ಬರಬೇಕಾದ ಬಾಕಿಯನ್ನು ಯಾರು ವಸೂಲಿ ಮಾಡುತ್ತಾರೆ? ನಾವು ಲೆಕ್ಕಶಾಸ್ತ್ರದಲ್ಲಿ ಬರೆಯುವ ಗುಡ್‌ವಿಲ್ ಎಲ್ಲಿ ಉಳಿಯುತ್ತದೆ? ಕೆಲವರು ಹಿಂತಿರುಗಿದಾಗ ಅವರ ಮನೆ, ಆಸ್ತಿ ಹರಾಜಾಗಿತ್ತು. 1968ರಲ್ಲಿ ಶತ್ರು ಆಸ್ತಿ ಕಾಯ್ದೆಯೂ ಬಂತು.

ಅಮೆರಿಕ 1988ರಲ್ಲಿ ಕ್ಷಮೆ ಕೇಳಿ, ಬದುಕುಳಿದ ಒಬ್ಬೊಬ್ಬರಿಗೂ 20,000 ಡಾಲರ್ ಕೊಟ್ಟಿತು. ದೇವಲಿಯಲ್ಲಿದ್ದ ಕುಟುಂಬಗಳಲ್ಲಿ ಹಲವು ಈಗ ಕೆನಡಾದಲ್ಲಿವೆ. ಅವರು ಭಾರತ ಸರ್ಕಾರದಿಂದ ಕ್ಷಮೆಯ ಒಂದು ಮಾತನ್ನು ಕೇಳುತ್ತಿದ್ದಾರೆ. ಆಗ ಶಿಬಿರದಲ್ಲಿ ಮಕ್ಕಳಾಗಿದ್ದವರಿಗೂ ಈಗ ವಯಸ್ಸಾಗಿದೆ.