ಬುರುಡೆ ತುಂಬುವ ತನಕ ಕಾಯಿ

ಲೀಲ್ ನಗರಕ್ಕೆ ಓದಲು ಹೊರಟಿದ್ದೀಯ ಪುಟ್ಟಿ. ವೀಸಾ, ಬಾಡಿಗೆ ಮನೆ, ಚಳಿಗೆ ಕೋಟು, ಇವನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಒಂದು ಆಟದ ವಿಷಯ ಹೇಳುತ್ತೇನೆ, ಕೇಳು. ಫ್ರೆಂಚ್ ಭಾಷೆ ನಾಲಿಗೆಗೆ ಒಗ್ಗುವ ಮೊದಲೇ ಅಲ್ಲಿನವರ ಜೊತೆ ಕೂತು ನಗಬೇಕೆಂದರೆ ಇದು ಒಳ್ಳೆಯ ದಾರಿ.

ಬಿಯಾರ್ ನಿಕೊಲಾ ಅಂತ ಹೆಸರು. 19ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನಲ್ಲಿ ಹುಟ್ಟಿದ್ದು. ದುಂಡನೆಯ ಮರದ ಹಲಗೆ, ಅದಕ್ಕೆ ಸುತ್ತಲೂ ಅಂಚುಕಟ್ಟು. ಸಾಮಾನ್ಯವಾಗಿ ನಾಲ್ಕು ಜನ ಆಡುತ್ತಾರೆ. ಒಬ್ಬೊಬ್ಬರ ಮುಂದೆಯೂ ಒಂದು ಕುಳಿ, ಒಂದು ರಬ್ಬರ್ ಬುರುಡೆ. ಹಳೇ ಆಟೋಗಳ ಪೊಂಪೊಂ ಹಾರ್ನಿನಲ್ಲಿ ಇರುತ್ತಿತ್ತಲ್ಲ, ಹಾಗೇ. ಬುರುಡೆಯ ಮೂತಿಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಬಹುದು. ನಡುವೆ ಹಗುರವಾದ ಕಾರ್ಕ್ ಚೆಂಡು. ಬುರುಡೆ ಹಿಸುಕಿದರೆ ಗಾಳಿ ನುಗ್ಗಿ ಚೆಂಡು ಓಡುತ್ತದೆ. ಅದು ನಿನ್ನ ಕುಳಿಗೆ ಬೀಳಬಾರದು, ಬೇರೆಯವರದಕ್ಕೆ ಬೀಳಬೇಕು. ಕೈ ಹಾಕುವ ಹಾಗಿಲ್ಲ, ಬಾಯಿಂದ ಊದುವ ಹಾಗಂತೂ ಇಲ್ಲವೇ ಇಲ್ಲ.

ಹೊಸಬರು ಕೂತ ತಕ್ಷಣ ಏನು ಮಾಡುತ್ತಾರೆ ಗೊತ್ತೇ? ಪಟಪಟನೆ ಹಿಸುಕುತ್ತಲೇ ಇರುತ್ತಾರೆ. ಒಮ್ಮೆ ಹಿಸುಕಿದ ಬುರುಡೆ ಮತ್ತೆ ಗಾಳಿ ಎಳೆದುಕೊಂಡು ಉಬ್ಬಲು ಚೂರು ಹೊತ್ತು ಬೇಕು. ಅಷ್ಟರೊಳಗೆ ಮತ್ತೆ ಹಿಸುಕಿದರೆ ಹೊರಡುವುದು ಅರೆಗಾಳಿ, ಆಮೇಲೆ ಕಾಲುಗಾಳಿ. ಕೊನೆಗೆ ಚೆಂಡು ನಿಜವಾಗಿ ಮೇಲೆ ಬರುವ ಹೊತ್ತಿಗೆ ಕೈಯಲ್ಲಿ ಬರೀ ಚಪ್ಪಟೆ ರಬ್ಬರ್. ಅದಕ್ಕೇ ಹೇಳುತ್ತೇನೆ, ಚೆಂಡು ಎದುರುಗಡೆಯವರ ಹತ್ತಿರ ಇರುವಾಗ ಸುಮ್ಮನಿರು, ಬುರುಡೆ ಪೂರಾ ತುಂಬಲಿ. ಅದು ಗಾಳಿ ಎಳೆದುಕೊಳ್ಳುವಾಗ ಚೆಂಡನ್ನೂ ಎಳೆದುಬಿಡುತ್ತದೇನೋ ಅಂತ ಹೆದರಬೇಡ. ಹೊರಗೆ ಹೋಗುವ ಗಾಳಿ ಒಂದೇ ಧಾರೆಯಾಗಿ ಹೋಗುತ್ತದೆ, ಒಳಗೆ ಬರುವುದು ಎಲ್ಲ ಕಡೆಯಿಂದ ಚದುರಿ ಬರುತ್ತದೆ. ಹಾಗಾಗಿ ಸೆಳೆತಕ್ಕೆ ಅಷ್ಟು ಬಲವಿಲ್ಲ.

ಇನ್ನೊಂದು ಮಾತು. ನೇರ ಬರುವ ಚೆಂಡಿಗೆ ನೇರ ಊದಿದರೆ ಅದು ನಿನ್ನ ಮುಂದೆಯೇ ತಡವರಿಸಿ ನಿಲ್ಲುತ್ತದೆ. ಇನ್ನೊಬ್ಬರು ಒಂದು ಸಲ ಹಿಸುಕಿದರೆ ಸಾಕು, ಕುಳಿಯೊಳಗೆ. ಮೂತಿ ಸ್ವಲ್ಪ ಓರೆ ಮಾಡಿ ಪಕ್ಕದವರತ್ತ ಜಾರಿಸು. ಅದೂ ಬೇಗ. ಕುಳಿಯ ಅಂಚಿಗೆ ಬಂದ ಮೇಲೆ ಎಷ್ಟು ಹಿಸುಕಿದರೂ ಕಷ್ಟ.

ಒಂದೇ ಕಡೆಯವರನ್ನು ಗುರಿ ಮಾಡಿಕೊಳ್ಳಲೂ ಹೋಗಬೇಡ. ಈ ಆಟದಲ್ಲಿ ಸ್ನೇಹ ಐದು ನಿಮಿಷವೂ ಬಾಳುವುದಿಲ್ಲ. ಯಾರು ಗೆಲ್ಲುವಂತೆ ಕಾಣುತ್ತಾರೋ ಅವರ ಮೇಲೆ ಉಳಿದ ಮೂವರೂ ತಿರುಗಿಬೀಳುತ್ತಾರೆ, ನಕ್ಕುಕೊಂಡೇ. ಮುಂದೆ ಇದ್ದರೆ ಮುಂದಿರುವುದು ಕಾಣದ ಹಾಗೆ ಆಡು. ಇದು ಕುಯುಕ್ತಿ ಅಂತ ನಿನ್ನ ಅಜ್ಜಿ ಅನ್ನಬಹುದು, ಅನ್ನಲಿ ಬಿಡು.

ಹಳೆಯ ಮರದ ಆಟಗಳನ್ನು ಎರವಲು ಕೊಡುವ, ಕೂತು ಆಡಲು ಬಿಡುವ ಆಟಿಕೆ ಗ್ರಂಥಾಲಯಗಳು ಫ್ರಾನ್ಸಿನ ಎಷ್ಟೋ ಊರುಗಳಲ್ಲಿವೆ. ಲ್ಯುದೊತೆಕ್ ಎಲ್ಲಿದೆ ಅಂತ ಕೇಳಿದರೆ ತೋರಿಸುತ್ತಾರೆ. ರಜೆಯಲ್ಲಿ ಬೆಲ್ಜಿಯಂ ಗಡಿಯ ಕಡೆ ಕಾಸೆಲ್‌ಗೂ ಹೋಗಿ ಬಾ. ಬಯಲಿನ ಮಧ್ಯೆ 176 ಮೀಟರ್ ಎತ್ತರದ ಗುಡ್ಡ, ಮೇಲೆ ಊರು. ಆ ಸೀಮೆಯ ಹಳೇ ಪಾನಗೃಹಗಳಿಗೆ ಎಸ್ತಾಮಿನೆ ಅನ್ನುತ್ತಾರೆ. ಕಪ್ಪೆಯ ಬಾಯಿಗೆ ಬಿಲ್ಲೆ ಎಸೆಯುವ ಆಟ, ಹಲಗೆಯ ಮೇಲೆ ಬಿಲ್ಲೆ ಜಾರಿಸುವ ಆಟ, ಇಂಥವನ್ನೆಲ್ಲ ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಬಿಯರ್ ಬೇಡವೆಂದರೆ ಯಾರೂ ಮುಖ ಸಿಂಡರಿಸುವುದಿಲ್ಲ, ನೀರಿಗೆ ಪುದೀನದ ಸಿರಪ್ ಹಾಕಿ ಕೊಡಲು ಹೇಳು. ಒಳಗೆ ಕಾಲಿಡುತ್ತಲೇ ಬೊಂಜೂರ್ ಅನ್ನುವುದನ್ನು ಮಾತ್ರ ಮರೆಯಬೇಡ. ಅದನ್ನು ಹೇಳದೆ ಏನು ಕೇಳಿದರೂ ಅಲ್ಲಿ ಒರಟುತನವೇ.

ಆಟಕ್ಕೆ ಕೂರುವ ಮುಂಚೆ ಕುಳಿಗೆ ಬಿದ್ದರೆ ಎಷ್ಟು ಅಂಕ ಹೋಗುತ್ತದೆ, ಎಷ್ಟಕ್ಕೆ ಸೋಲು ಅಂತ ಕೇಳಿಕೋ. ಪುಟ್ಟ ಮಕ್ಕಳು ಆಡಲು ಬಂದರೆ ಎರಡೂ ಕೈಯಲ್ಲಿ ಹಿಸುಕಲು ಬಿಡು. ನೀನು ಎಡಗೈಯಲ್ಲಿ ಆಡು.