ಬಂಡೆಯ ಮಡುವಿನ ಅಷ್ಟಪದಿ

ಕಡಲನ್ನು ನೋಡಲು ಹೋದವರು ಸಾಮಾನ್ಯವಾಗಿ ದೃಷ್ಟಿಯನ್ನು ದೂರಕ್ಕೆ ಹಾಯಿಸುತ್ತಾರೆ. ಅಲೆಗಳ ಸಾಲು, ತೇಲುವ ದೋಣಿ, ಮುಳುಗುವ ಸೂರ್ಯ ಇವೇ ಅವರ ಕಣ್ಣನ್ನು ಸೆಳೆಯುತ್ತವೆ. ಕಾಲ ಬುಡದಲ್ಲಿಯೇ ಇರುವ ಕಡಲನ್ನು ಬಾಗಿ ನೋಡುವವರು ವಿರಳ. ನಾನೂ ಹಲವು ವರ್ಷ ಆ ವಿರಳರ ಗುಂಪಿಗೆ ಸೇರಿರಲಿಲ್ಲ. ನನ್ನನ್ನು ಬಾಗಿಸಿದವನು ಎಂಟನೆಯ ತರಗತಿಯ ಒಬ್ಬ ಹುಡುಗ.

1984ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಕಡಲತಡಿಯ ಒಂದು ಊರಿಗೆ ನಾನು ಕನ್ನಡ ಶಿಕ್ಷಕನಾಗಿ ಬಂದೆನು. ಘಟ್ಟದ ಮೇಲೆ ಬೆಳೆದ ನನಗೆ ಸಮುದ್ರದ ಪರಿಚಯ ಕಾವ್ಯಗಳ ವರ್ಣನೆಯಿಂದ ಆದಷ್ಟೇ. ಅಲ್ಲಿ ಗುಡ್ಡಗಳು ಕಡಲಿನವರೆಗೂ ಚಾಚಿಕೊಂಡಿವೆ. ಗುಡ್ಡದ ತುದಿಯಲ್ಲಿ ಕಪ್ಪು ಬಂಡೆಗಳು ನೀರಿಗೆ ಇಳಿದು ನಿಂತಿವೆ. ಉಬ್ಬರದಲ್ಲಿ ಅವುಗಳ ನೆತ್ತಿಯ ಮೇಲೆಯೇ ಅಲೆ ಒಡೆಯುತ್ತದೆ. ಇಳಿತದಲ್ಲಿ ನೀರು ಹಿಂದೆ ಸರಿದು, ಬಂಡೆಗಳ ತಗ್ಗುಗಳಲ್ಲಿ ಮಾತ್ರ ಸ್ವಲ್ಪ ಸ್ವಲ್ಪ ಉಳಿಯುತ್ತದೆ. ಹೀಗೆ ಉಳಿದ ಪುಟ್ಟ ಪುಟ್ಟ ಮಡುಗಳು ಕೆಲವು ಬೋಗುಣಿಯಷ್ಟು ಕಿರಿದು, ಕೆಲವು ಬಾವಿಯಷ್ಟು ಅಗಲ.

ಉಬ್ಬರ ಇಳಿತಗಳಿಗೆ ಒಂದು ಲೆಕ್ಕವಿದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಂದಿನ ಇಳಿತಕ್ಕಿಂತ ನಾಳಿನ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತಗಳು ಒಂದುಗೂಡುವುದರಿಂದ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಬೇರೆ ದಿನಗಳಲ್ಲಿ ನೀರಿನಡಿಯಲ್ಲಿಯೇ ಇರುವ ಬಂಡೆಗಳು ಆಗ ಹೊರಗೆ ಕಾಣಿಸಿಕೊಳ್ಳುತ್ತವೆ. ಮೀನುಗಾರರ ಮನೆಯ ಮಕ್ಕಳಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂತಹ ಮನೆಯ ಹುಡುಗನೊಬ್ಬ ಒಂದು ಅಮಾವಾಸ್ಯೆಯ ಮರುದಿನ ನನ್ನನ್ನು ಬಂಡೆಗಳ ಕಡೆಗೆ ಕರೆದೊಯ್ದನು. ತರಗತಿಯಲ್ಲಿ ಅವನು ಹಿಂದಿನ ಸಾಲಿನವನು. ಸಂಧಿ ಸಮಾಸಗಳು ಅವನಿಗೆ ಒಲಿದಿರಲಿಲ್ಲ. ಒಂದು ಮಡುವಿನ ಅಂಚಿನಲ್ಲಿ ಅವನು ಕುಕ್ಕರುಗಾಲಿನಲ್ಲಿ ಕುಳಿತು, "ಮಾಸ್ತರೇ, ನೋಡಿ" ಎಂದನು. ನಾನು ನೋಡಿದೆನು. ಕಲ್ಲು, ಪಾಚಿ, ಮರಳು ಇವಲ್ಲದೆ ಮತ್ತೇನೂ ಕಾಣಲಿಲ್ಲ. "ನಿಮ್ಮ ನೆರಳು ನೀರಿನ ಮೇಲೆ ಬಿದ್ದದೆ. ಈಚೆಗೆ ಬನ್ನಿ. ಆ ಚಿಪ್ಪಿನ ರಾಶಿ ನೋಡಿ" ಎಂದನು.

ಮಡುವಿನ ಗೋಡೆಯಲ್ಲಿ ಒಂದು ಬಿರುಕು. ಅದರ ಮುಂದೆ ಏಡಿಯ ಕವಚಗಳೂ ಕಪ್ಪೆಚಿಪ್ಪುಗಳೂ ಗುಡ್ಡೆಯಾಗಿ ಬಿದ್ದಿದ್ದವು. ಉಂಡವರು ಎಂಜಲೆಲೆಯನ್ನು ಮನೆಯ ಹೊರಗೆ ಎಸೆದಂತೆ ಇದ್ದಿತು. ಕಾಲು ಗಂಟೆ ಕಳೆದಿರಬೇಕು. ಬಿರುಕಿನ ಪಕ್ಕದಲ್ಲಿ ನಾನು ಕಲ್ಲೆಂದು ತಿಳಿದಿದ್ದ ಒಂದು ಉಬ್ಬು ಮೆಲ್ಲನೆ ಉಸಿರಾಡಿತು. ಅದರಲ್ಲಿ ಒಂದು ಕಣ್ಣು ತೆರೆದಿತ್ತು. ಕಣ್ಣಿನ ಪಾಪೆ ಅಡ್ಡಗೆರೆಯಂತಿತ್ತು. ನಾವು ಅದನ್ನು ನೋಡುವುದಕ್ಕಿಂತ ಬಹಳ ಮೊದಲೇ ಅದು ನಮ್ಮನ್ನು ನೋಡುತ್ತಿತ್ತು. ಮರುಕ್ಷಣ ಕಲ್ಲಿನ ಬೂದುಬಣ್ಣ ಕೆಂಗಂದಾಯಿತು. ಒಂದು ತೋಳು ಹೊರಚಾಚಿ ಮರಳನ್ನು ತಡಕಿ ಹಿಂದೆಗೆಯಿತು. ಇಡೀ ಪ್ರಾಣಿ ನೀರು ಸುರಿದಂತೆ ಬಿರುಕಿನೊಳಗೆ ಇಳಿದುಹೋಯಿತು.

ಇದೇ ಆಕ್ಟೋಪಸ್. ಕನ್ನಡದಲ್ಲಿ ಇದನ್ನು ಅಷ್ಟಪದಿ ಎಂದು ಕರೆಯುವುದುಂಟು. ಅಷ್ಟಪದಿ ಎಂದೊಡನೆ ಭಾಷೆಯ ಶಿಕ್ಷಕನಾದ ನನಗೆ ಜಯದೇವನ ಗೀತಗೋವಿಂದವೇ ನೆನಪಾಗುತ್ತಿತ್ತು. ಅಂದಿನಿಂದ ಆ ಮಾತಿಗೆ ಇನ್ನೊಂದು ಅರ್ಥವೂ ಸೇರಿಕೊಂಡಿತು.

ಆಕ್ಟೋಪಸ್ ಮೀನಲ್ಲ. ಬಸವನಹುಳು, ಕಪ್ಪೆಚಿಪ್ಪುಗಳು ಸೇರಿದ ಮೃದ್ವಂಗಿಗಳ ಬಳಗಕ್ಕೆ ಇದು ಸೇರಿದೆ. ಆದರೆ ಬಂಧುಗಳಿಗಿರುವ ಚಿಪ್ಪಿನ ರಕ್ಷಣೆ ಇದಕ್ಕಿಲ್ಲ. ಇದರ ದೇಹದಲ್ಲಿ ಗಟ್ಟಿಯಾದ ಭಾಗವೆಂದರೆ ಗಿಣಿಯ ಕೊಕ್ಕಿನಂತಹ ಬಾಯಿ. ಆ ಕೊಕ್ಕು ತೂರುವಷ್ಟು ಸಂದಿದ್ದರೆ ಇಡೀ ಶರೀರವೂ ತೂರಿಕೊಳ್ಳುತ್ತದೆ. ಇದಕ್ಕೆ ಮೂರು ಹೃದಯಗಳು: ಎರಡು ಕಿವಿರುಗಳಿಗೆ ರಕ್ತವನ್ನು ಒತ್ತುತ್ತವೆ, ಮೂರನೆಯದು ದೇಹಕ್ಕೆಲ್ಲ ಹರಿಸುತ್ತದೆ. ನಮ್ಮ ರಕ್ತದಲ್ಲಿ ಕಬ್ಬಿಣವು ಮಾಡುವ ಕೆಲಸವನ್ನು ಇದರ ರಕ್ತದಲ್ಲಿ ತಾಮ್ರವು ಮಾಡುವುದರಿಂದ ರಕ್ತದ ಬಣ್ಣ ನೀಲಿ. ಸಾಮಾನ್ಯ ಆಕ್ಟೋಪಸ್ಸಿನಲ್ಲಿ ಸುಮಾರು 50 ಕೋಟಿ ನರಕೋಶಗಳಿದ್ದು, ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ತೋಳುಗಳಲ್ಲಿಯೇ ಇವೆ. ತೋಳಿನ ಹೀರುಬಟ್ಟಲುಗಳು ಹಿಡಿಯುವುದಲ್ಲದೆ ರುಚಿಯನ್ನೂ ಅರಿಯುತ್ತವೆ. ಬಿರುಕಿನೊಳಗೆ ಕಣ್ಣಿಗೆ ಕಾಣದ ಏಡಿಯನ್ನು ತೋಳೇ ಮುಟ್ಟಿ, ಸವಿದು, ಗುರುತಿಸುತ್ತದೆ.

ಬಣ್ಣ ಬದಲಾಯಿಸುವ ವಿದ್ಯೆಯಂತೂ ಅದ್ಭುತವಾದುದು. ಚರ್ಮದಲ್ಲಿ ಹಳದಿ, ಕೆಂಪು, ಕಂದು ವರ್ಣಗಳು ತುಂಬಿದ ಸಾವಿರಾರು ಸೂಕ್ಷ್ಮ ಚೀಲಗಳಿವೆ. ಪ್ರತಿಯೊಂದು ಚೀಲದ ಸುತ್ತಲೂ ಸ್ನಾಯುಗಳಿವೆ. ನರದ ಆಜ್ಞೆ ಬಂದೊಡನೆ ಸ್ನಾಯುಗಳು ಚೀಲವನ್ನು ಎಳೆದು ಅಗಲಿಸುತ್ತವೆ, ಬಣ್ಣ ಕಾಣುತ್ತದೆ. ಸಡಿಲಿಸಿದರೆ ಚೀಲ ಚುಕ್ಕೆಯಾಗಿ ಬಣ್ಣ ಅಡಗುತ್ತದೆ. ಈ ಕಾರ್ಯಕ್ಕೆ ಒಂದು ಕ್ಷಣವೂ ಹಿಡಿಯುವುದಿಲ್ಲ. ಚರ್ಮವನ್ನು ಮುಳ್ಳುಮುಳ್ಳಾಗಿ ಎಬ್ಬಿಸಿ ಪಾಚಿಗಟ್ಟಿದ ಕಲ್ಲಿನ ಒರಟುತನವನ್ನೂ ತಂದುಕೊಳ್ಳಬಲ್ಲುದು. ಇಷ್ಟೆಲ್ಲ ಬಣ್ಣಗಳ ಒಡೆಯನ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ವರ್ಣದ್ರವ್ಯ ಒಂದೇ ಬಗೆಯದು. ಆದುದರಿಂದ ನಮ್ಮಂತೆ ಬಣ್ಣಗಳನ್ನು ಬೇರ್ಪಡಿಸಿ ನೋಡುವ ಕಣ್ಣು ಅದಕ್ಕಿಲ್ಲವೆಂದು ವಿಜ್ಞಾನಿಗಳು ಹೇಳುತ್ತಾರೆ.

ಆ ದಿನದ ನೋಟದಿಂದ ನಾನು ಮರುಳಾದೆನು. ಮರುಳಾದವನಿಗೆ ಮೊದಲು ಹುಟ್ಟುವುದು ಕೈವಶ ಮಾಡಿಕೊಳ್ಳುವ ಆಸೆ. ಮರುವರ್ಷ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ ಏರ್ಪಾಡಾಯಿತು. ಗಾಜಿನ ಭರಣಿಯಲ್ಲಿ ಒಂದು ಆಕ್ಟೋಪಸ್ ಇಟ್ಟರೆ ನಮ್ಮ ಶಾಲೆಯ ಹೆಸರು ಮೇಲೆ ಬರುವುದೆಂದು ನಾನು ಯೋಚಿಸಿದೆನು. ಕಬ್ಬಿಣದ ಕೊಕ್ಕೆಯನ್ನು ಹಿಡಿದು ಹುಡುಗನೊಡನೆ ಬಂಡೆಗೆ ಹೋದೆನು.

ಅಂದು ಬಿರುಕಿನ ಮುಂದೆ ಚಿಪ್ಪಿನ ರಾಶಿ ಹಳತಾಗಿತ್ತು. ಹೊಸ ಏಡಿಯ ಕವಚ ಒಂದೂ ಇರಲಿಲ್ಲ. ಬಾಯಿಗೆ ಸಣ್ಣ ಸಣ್ಣ ಕಲ್ಲುಗಳು ಅಡ್ಡಲಾಗಿ ಜೋಡಿಸಿದಂತೆ ಇದ್ದವು. ಹುಡುಗ ಅದನ್ನು ನೋಡಿ ಹಿಂಜರಿದನು. "ಮಾಸ್ತರೇ, ಇದನ್ನ ಬಿಟ್ಟುಬಿಡುವಾ. ಬಾಗಿಲು ಹಾಕಿಕೊಂಡು ಕೂತದೆ. ಬಾಗಿಲು ಹಾಕಿದ್ದನ್ನ ತೆಗೀಬಾರದು ಅಂತಾಳೆ ನಮ್ಮಜ್ಜಿ" ಎಂದನು. "ಅದೆಲ್ಲ ಮೂಢನಂಬಿಕೆ ತಮಾ, ಕೊಕ್ಕೆ ಹಾಕು" ಎಂದು ನಾನು ಹೇಳಿದೆನು. ಗುರುವಿನ ಮಾತು, ಅವನು ಮೀರಲಿಲ್ಲ.

ಹೊರಬಂದ ಪ್ರಾಣಿ ಹೆಚ್ಚು ಹೋರಾಡಲಿಲ್ಲ. ಬಡವಾಗಿ, ಬಣ್ಣಗೆಟ್ಟು ಇದ್ದಿತು. ಹುಡುಗ ಕಲ್ಲುಗಳನ್ನು ಸರಿಸಿ ಬಿರುಕಿನೊಳಗೆ ಬಗ್ಗಿ ನೋಡಿ, ನನ್ನನ್ನೂ ಕರೆದನು. ಒಳಗಿನ ಕಲ್ಲುಮಾಡಿನಿಂದ ನುಚ್ಚಕ್ಕಿಯನ್ನು ದಾರದಲ್ಲಿ ಪೋಣಿಸಿ ಇಳಿಬಿಟ್ಟಂತೆ ನೂರಾರು ಎಳೆಗಳು ತೂಗುತ್ತಿದ್ದವು. ಅವು ಮೊಟ್ಟೆಗಳು. ಹುಡುಗ ಏನೂ ಹೇಳಲಿಲ್ಲ. ಕಲ್ಲುಗಳನ್ನು ಮೊದಲಿದ್ದಂತೆಯೇ ಒಂದೊಂದಾಗಿ ಬಾಯಿಗೆ ಜೋಡಿಸಿದನು. ಎರಡು ದಿನಗಳ ಅನಂತರ ನಾನೊಬ್ಬನೇ ಹೋಗಿ ನೋಡಿದೆನು. ಕಲ್ಲುಗಳ ಸಂದಿನಿಂದ ಪುಟ್ಟ ಮೀನುಗಳು ಒಳಗೆ ಹೋಗಿ ಬರುತ್ತಿದ್ದವು. ಎಳೆಗಳು ಉಳಿದಿರಲಿಲ್ಲ.

ಭರಣಿಗೆ ಬಹುಮಾನ ಬಂದಿತು. ಫಾರ್ಮಲಿನ್ನಿನಲ್ಲಿ ಮುಳುಗಿದ ಆ ಜೀವ ಕೆಲವೇ ದಿನಗಳಲ್ಲಿ ಮಾಸಲು ಬಿಳಿಯ ಮುದ್ದೆಯಾಯಿತು. ನಾನು ಯಾವ ಬಣ್ಣಕ್ಕೆ ಮರುಳಾಗಿದ್ದೆನೋ ಅದರ ಸುಳಿವೂ ಅಲ್ಲಿರಲಿಲ್ಲ.

ಅಜ್ಜಿಯ ಮಾತಿನಲ್ಲಿದ್ದ ಸತ್ಯವನ್ನು ನಾನು ಪುಸ್ತಕಗಳಿಂದ ತಿಳಿದದ್ದು ಆಮೇಲೆ. ಸಾಮಾನ್ಯ ಆಕ್ಟೋಪಸ್ಸಿನ ಆಯುಷ್ಯ ಒಂದೆರಡು ವರ್ಷ ಮಾತ್ರ. ಹೆಣ್ಣು ತನ್ನ ಬಾಳಿನಲ್ಲಿ ಒಮ್ಮೆ ಲಕ್ಷಕ್ಕೂ ಮಿಗಿಲಾದ ಮೊಟ್ಟೆಗಳನ್ನಿಟ್ಟು, ಬಿಲದ ಬಾಯಿಗೆ ಕಲ್ಲುಗಳನ್ನು ಒಟ್ಟಿ, ಒಳಗೆ ಕಾವಲು ಕೂರುತ್ತದೆ. ತೋಳುಗಳಿಂದ ಮೊಟ್ಟೆಗಳನ್ನು ಸವರಿ ಶುಚಿಗೊಳಿಸುತ್ತದೆ, ಹೊಸ ನೀರನ್ನು ಊದುತ್ತದೆ, ಊಟವನ್ನು ಬಿಡುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ತಾಯಿ ಸಾಯುತ್ತದೆ. ಕ್ರಿ. ಪೂ. 4ನೆಯ ಶತಮಾನದಲ್ಲಿಯೇ ಗ್ರೀಸಿನ ಅರಿಸ್ಟಾಟಲನು ಕಾವಲು ಕುಳಿತ ಹೆಣ್ಣು ಆಹಾರಕ್ಕಾಗಿ ಹೊರಡದೆ ಸೊರಗುವುದನ್ನು ಬರೆದಿಟ್ಟಿದ್ದನು. 1977ರಲ್ಲಿ ಜೆರೋಮ್ ವೊಡಿನ್ಸ್ಕಿ ಎಂಬ ವಿಜ್ಞಾನಿ ಕಣ್ಣುಗಳ ಸಮೀಪದ ಎರಡು ಗ್ರಂಥಿಗಳನ್ನು ತೆಗೆದರೆ ಕಾವಲಿನ ತಾಯಿ ಮೊಟ್ಟೆಗಳನ್ನು ಬಿಟ್ಟು ಮತ್ತೆ ತಿನ್ನತೊಡಗಿ ಹೆಚ್ಚು ಕಾಲ ಬದುಕುವುದೆಂದು ತೋರಿಸಿದರು. ಅಮೆರಿಕದ ಮಾಂಟೆರಿ ಕೊಲ್ಲಿಯ ಆಳದಲ್ಲಿ, ಸುಮಾರು 1,400 ಮೀಟರ್ ಕೆಳಗೆ, ಒಂದು ಜಾತಿಯ ತಾಯಿ 2007ರಿಂದ 2011ರವರೆಗೆ 53 ತಿಂಗಳು ಒಂದೇ ಬಂಡೆಯ ಮೇಲೆ ಮೊಟ್ಟೆಗಳನ್ನು ಅಪ್ಪಿಕೊಂಡಿದ್ದುದನ್ನು ವಿಜ್ಞಾನಿಗಳು ಕಂಡರು.

ಶಿಕ್ಷಕನಾದ ನನ್ನನ್ನು ಬಹುಕಾಲ ಕಾಡಿದ ವಿಚಾರ ಇನ್ನೊಂದಿದೆ. ಈ ಮರಿಗೆ ತಾಯಿಯ ಪಾಲನೆಯಿಲ್ಲ, ಹಿರಿಯರ ಉಪದೇಶವಿಲ್ಲ. ಏಡಿಯನ್ನು ಹಿಡಿಯುವುದು, ಮನೆಯನ್ನು ಹುಡುಕುವುದು, ಶತ್ರುವಿನ ಮುಖಕ್ಕೆ ಮಸಿಯನ್ನು ಉಗುಳಿ ಪಾರಾಗುವುದು, ಎಲ್ಲವನ್ನೂ ಹುಟ್ಟುಗುಣದಿಂದಲೂ ಸ್ವಂತ ಅನುಭವದಿಂದಲೂ ಸಾಧಿಸಬೇಕು. 2009ರಲ್ಲಿ ಜೂಲಿಯನ್ ಫಿನ್ ಮತ್ತು ಅವರ ಸಂಗಡಿಗರು ಇಂಡೋನೇಷ್ಯದ ಕಡಲಿನಲ್ಲಿ ಒಂದು ಜಾತಿಯ ಆಕ್ಟೋಪಸ್ ಮನುಷ್ಯರು ಎಸೆದ ತೆಂಗಿನ ಕರಟಗಳನ್ನು ಹೊತ್ತುಕೊಂಡು ಹೋಗಿ, ಬೇಕಾದಾಗ ಎರಡನ್ನೂ ಮುಚ್ಚಿಕೊಂಡು ಒಳಗೆ ಅಡಗುವುದನ್ನು ವರದಿ ಮಾಡಿದರು. ಅಷ್ಟು ಜಾಣ್ಮೆಯನ್ನು ಗಳಿಸಿದ ಜೀವವೂ ತನ್ನ ಪಾಠವನ್ನು ಮರಿಗೆ ಹೇಳಿಕೊಡದೆಯೇ ಹೋಗಿಬಿಡುತ್ತದೆ. ನಮಗೆ ಹೇಳಿಕೊಡುವ ಅಜ್ಜಿಯರಿದ್ದಾರೆ. ಕೇಳುವ ಕಿವಿ ಅಂದು ನನಗಿರಲಿಲ್ಲ.

ಆ ವರ್ಷದಿಂದ ನಿವೃತ್ತನಾಗುವವರೆಗೆ, ಪ್ರತಿವರ್ಷವೂ ಮಕ್ಕಳಿಗೆ ಮೊದಲು ಭರಣಿಯನ್ನು ತೋರಿಸಿ, ಅದು ಅಲ್ಲಿಗೆ ಬಂದ ಕಥೆಯನ್ನು ಮುಚ್ಚಿಡದೆ ಹೇಳಿ, ಅನಂತರ ಮಡುವಿಗೆ ಕರೆದೊಯ್ಯುತ್ತಿದ್ದೆನು. ಅಲ್ಲಿ ಪಾಲಿಸುತ್ತಿದ್ದ ನಿಯಮಗಳನ್ನು ನಿಮಗೂ ಹೇಳುತ್ತೇನೆ. ಒಬ್ಬರೇ ಹೋಗಬಾರದು, ಊರಿನ ತಿಳಿದವರು ಜೊತೆಯಲ್ಲಿರಬೇಕು. ಮಳೆಗಾಲದ ಕಡಲಿನ ಬಳಿಗೆ ಹೋಗಲೇಬಾರದು. ನೀರು ಇನ್ನೂ ಇಳಿಯುತ್ತಿರುವಾಗ ಹೋಗಿ, ಏರತೊಡಗಿದೊಡನೆ ಹಿಂದಿರುಗಬೇಕು. ನೆರಳು ನೀರಿನ ಮೇಲೆ ಬೀಳದಂತೆ ಕುಳಿತುಕೊಳ್ಳಬೇಕು. ಕೋಲಿನಿಂದ ತಿವಿಯಬಾರದು. ಕಲ್ಲನ್ನು ಎತ್ತಿದರೆ ಅದೇ ಮಗ್ಗುಲಾಗಿ ಅಲ್ಲಿಯೇ ಮೆಲ್ಲನೆ ಇಡಬೇಕು, ಏಕೆಂದರೆ ಅದರ ಅಡಿಯಲ್ಲಿ ಯಾರದೋ ಸಂಸಾರವಿರುತ್ತದೆ. ಆಕ್ಟೋಪಸ್ಸನ್ನು ಬರಿಗೈಯಿಂದ ಮುಟ್ಟಬಾರದು, ಅದು ಕಚ್ಚಬಲ್ಲುದು. ನೀಲಿ ಉಂಗುರಗಳಿರುವ ಚಿಕ್ಕ ಜಾತಿಯ ವಿಷವು ಮನುಷ್ಯನ ಪ್ರಾಣವನ್ನೇ ತೆಗೆಯಬಲ್ಲುದು. ಕಡೆಯದಾಗಿ, ಏನೂ ಕಾಣದಿದ್ದರೆ ಬೇಸರಪಡದೆ ಇನ್ನೂ ಕಾಲು ಗಂಟೆ ಕುಳಿತಿರಬೇಕು.

ನಿವೃತ್ತಿಯ ಅನಂತರ ಒಂದು ಅಮಾವಾಸ್ಯೆಯ ಮರುದಿನ ನಾನು ಮತ್ತೆ ಆ ಬಂಡೆಗಳಿಗೆ ಹೋದೆನು. ಹಿಂದಿನ ಸಾಲಿನ ಆ ಹುಡುಗ, ಈಗ ತಲೆ ನರೆತ ಗೃಹಸ್ಥ, ಕೈಹಿಡಿದು ನಡೆಸಿದನು. ಅದೇ ಬಿರುಕು. ಅದರ ಮುಂದೆ ಏಡಿಯ ಕವಚಗಳು ಇನ್ನೂ ಹೊಸದಾಗಿ ಹೊಳೆಯುತ್ತಿದ್ದವು. "ಒಳಗೆ ಅದೆ, ಮಾಸ್ತರೇ" ಎಂದು ಅವನು ಪಿಸುಗುಟ್ಟಿದನು. ನಾವಿಬ್ಬರೂ ನೆರಳನ್ನು ಹಿಂದೆ ಇಟ್ಟು ಕುಳಿತೆವು. ನೀರು ಏರಿ ಪಾದಗಳನ್ನು ಮುಟ್ಟುವವರೆಗೂ ಅದು ಹೊರಗೆ ಬರಲಿಲ್ಲ. ನಾವು ಎದ್ದು ಬಂದೆವು.

ಅಭ್ಯಾಸ

ಅ. ಪದಗಳ ಅರ್ಥ
ಮಡು = ನೀರು ನಿಂತ ತಗ್ಗು; ಕಿವಿರು = ಜಲಚರಗಳು ಉಸಿರಾಡುವ ಅಂಗ; ಮೃದ್ವಂಗಿ = ಮೆತ್ತನೆಯ ಶರೀರದ, ಬೆನ್ನೆಲುಬಿಲ್ಲದ ಪ್ರಾಣಿ; ಭರಣಿ = ಜಾಡಿ; ಕರಟ = ತೆಂಗಿನಕಾಯಿಯ ಚಿಪ್ಪು.

ಆ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬಿರುಕಿನೊಳಗೆ ಆಕ್ಟೋಪಸ್ ಇದೆಯೆಂಬುದನ್ನು ಹುಡುಗ ಯಾವ ಗುರುತಿನಿಂದ ತಿಳಿದನು?
2. ಆಕ್ಟೋಪಸ್ಸಿನ ರಕ್ತ ನೀಲಿಯಾಗಿರಲು ಕಾರಣವೇನು?

ಇ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಆಕ್ಟೋಪಸ್ ತನ್ನ ಬಣ್ಣವನ್ನು ಬದಲಾಯಿಸುವ ಕ್ರಮವನ್ನು ವಿವರಿಸಿರಿ.
2. ಅಜ್ಜಿಯ ಮಾತನ್ನು ಲೇಖಕರು ಮೂಢನಂಬಿಕೆ ಎಂದದ್ದು ಏಕೆ ತಪ್ಪಾಯಿತು?
3. ಬಹುಮಾನ ಪಡೆದ ಭರಣಿಯನ್ನು ಲೇಖಕರು ಪ್ರತಿವರ್ಷವೂ ಮಕ್ಕಳಿಗೆ ತೋರಿಸುತ್ತಿದ್ದುದರ ಉದ್ದೇಶವೇನಿರಬಹುದು?

ಈ. ಮಾಡಿ ನೋಡಿರಿ.
ನಿಮ್ಮ ಊರಿನ ಕೆರೆ, ಹಳ್ಳ ಅಥವಾ ಕಡಲ ದಂಡೆಯಲ್ಲಿ ಹಿರಿಯರೊಡನೆ ಅರ್ಧ ಗಂಟೆ ಒಂದೇ ಕಡೆ ಕುಳಿತು, ಏನನ್ನೂ ಮುಟ್ಟದೆ, ಕಂಡುದನ್ನೆಲ್ಲ ಬರೆಯಿರಿ.