ರಕ್ತ ಕಮ್ಮಿ ಅಂದರೆ, ಯಾಕೆ ಅಂತ ಕೇಳು

ಮಗಳೇ, ನಿನ್ನ ರಕ್ತಪರೀಕ್ಷೆಯ ಚೀಟಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಕಳಿಸಿದ್ದಳು. ಹಿಮೋಗ್ಲೋಬಿನ್ 10.6. "ರಕ್ತ ಕಮ್ಮಿ ಅಂತೆ, ಟಾನಿಕ್ ಬರೆದುಕೊಟ್ಟಿದ್ದಾರೆ" ಅಂತ ಹೇಳಿ ಅವಳು ನಿರಾಳವಾದಳು. ನನಗೆ ಆಗಲಿಲ್ಲ. ರಕ್ತ ಕಮ್ಮಿ ಅನ್ನೋದು ಕಾಯಿಲೆಯ ಹೆಸರಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ನರ್ಸಾಗಿ ದುಡಿದವಳು ನಾನು. ಅಷ್ಟು ಮಾತು ಕೇಳಿಸಿಕೊಂಡು ಬಾಟಲಿ ಹಿಡಿದು ಮನೆಗೆ ಹೋದ ಹೆಣ್ಣುಮಕ್ಕಳನ್ನು ಎಷ್ಟೋ ಕಂಡಿದ್ದೇನೆ. ನೀನು ಹಾಗೆ ಹೋಗಬೇಡ. ಯಾಕೆ ಕಮ್ಮಿ ಅಂತ ಕೇಳು.

ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಕನಿಷ್ಠ 12 ಗ್ರಾಂ ಇರಬೇಕು, ಗರ್ಭಿಣಿಗೆ 11, ಗಂಡಸಿಗೆ 13. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮನೆಮನೆಯಲ್ಲೂ ಇರೋದರಿಂದಲೇ ನಾವು ಅದನ್ನು ಸಹಜ ಅಂದುಕೊಂಡುಬಿಟ್ಟಿದ್ದೇವೆ. ಹುಡುಗಿ ಕದ್ದು ಬಳಪ ತಿಂದರೆ, ಹಸಿ ಅಕ್ಕಿ ಬಾಯಿಗೆ ಹಾಕಿಕೊಂಡರೆ ಕೆಟ್ಟ ಚಾಳಿ ಅಂತ ಬೈಯುತ್ತೇವೆ. ಮೈಯಲ್ಲಿ ಕಬ್ಬಿಣ ಬತ್ತಿದಾಗ ಹುಟ್ಟುವ ಆಸೆ ಅದು, ಬೈದರೆ ಹೋಗುವುದಿಲ್ಲ.

ಕಬ್ಬಿಣದ ಕೊರತೆಯೇ ಎಲ್ಲಕ್ಕಿಂತ ಸಾಮಾನ್ಯ ಕಾರಣ, ನಿಜ. ಮುದ್ದೆ ಉಂಡು ಕೈ ತೊಳೆದ ತಕ್ಷಣ ಟೀ ಕುಡಿದರೆ ಊಟದಲ್ಲಿದ್ದ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಟೀ ಒಂದೆರಡು ಗಂಟೆ ತಡವಾಗಲಿ, ಮಸ್ಸೊಪ್ಪಿಗೆ, ಹುರುಳಿಕಾಳಿನ ಸಾರಿಗೆ ನಿಂಬೆಹಣ್ಣು ಹಿಂಡಿಕೋ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು, ಮಲ ಕಪ್ಪಗಾಗುತ್ತದೆ ಅಂತ ಹೆದರಿ ಎಸೆದವರಿದ್ದಾರೆ. ಕಪ್ಪಗಾಗುವುದು ಮಾತ್ರೆಯ ಗುಣ, ಹೆದರಬೇಕಾದ್ದಿಲ್ಲ. ತಿಂಗಳ ಮುಟ್ಟಿನಲ್ಲಿ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹೋಗುತ್ತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಅದರ ಹಿಂದೆ ರಕ್ತ ಹೆಪ್ಪುಗಟ್ಟದ ತೊಂದರೆಯೂ ಇರಬಹುದು, ಅದು ಗಂಡುಮಕ್ಕಳಿಗೆ ಮಾತ್ರ ಬರುವುದಲ್ಲ.

ನಮ್ಮ ಕೋಲಾರ ಜಿಲ್ಲೆಗೆ ಇನ್ನೊಂದು ಕಾಟ ನೀರಿನದು. ಕೆರೆ ಬತ್ತಿ ಸಾವಿರ ಅಡಿ ಕೊರೆದ ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಬಂತು. ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲವೆಂದರೆ ಒಂದೂವರೆ. ಅದು ಹಲ್ಲಿಗೆ ಕಂದು ಪಟ್ಟೆ ಎಳೆಯುವುದು ಎಲ್ಲರಿಗೂ ಗೊತ್ತು. ಕರುಳಿನ ಒಳಪದರವನ್ನೂ ಸವೆಸಬಹುದು, ಆಗ ತಿಂದ ಕಬ್ಬಿಣ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಮುದ್ದೆಗೆ ಎಸರಿಡುವುದು ಮಾತ್ರ ಬೋರ್‌ವೆಲ್ ನೀರಿನಲ್ಲೇ ಅಂದರೆ ಅರ್ಧ ಕೆಲಸ ಮಾಡಿದಂತೆ.

ಇಷ್ಟೆಲ್ಲ ಹೇಳಿದರೂ, ನಿನ್ನ ಚೀಟಿ ಬೇರೆಯದೇ ಮಾತಾಡುತ್ತಿದೆ. ಇನ್ನೊಮ್ಮೆ ಬಿಡಿಸಿ ನೋಡು. ಎಂಸಿವಿ ಅಂತ ಇರುವ ಕಡೆ 64. ನಿನ್ನ ಕೆಂಪು ಕಣಗಳ ಗಾತ್ರ ಅದು, ಸಾಮಾನ್ಯವಾಗಿ 80ರ ಮೇಲಿರಬೇಕು. ಅದರ ಮೇಲಿನ ಸಾಲಿನಲ್ಲಿ ಕಣಗಳ ಎಣಿಕೆ 5.4, ಅಂದರೆ ಒಂದು ಮೈಕ್ರೋಲೀಟರಿಗೆ 54 ಲಕ್ಷ. ಕಬ್ಬಿಣ ಕಮ್ಮಿಯಾದರೆ ಕಣ ಚಿಕ್ಕದಾಗುತ್ತದೆ, ಸಾಮಾನ್ಯವಾಗಿ ಎಣಿಕೆಯೂ ಇಳಿಯುತ್ತದೆ. ನಿನ್ನದು ಚಿಕ್ಕದು, ಆದರೆ ತುಂಬಾ ಇವೆ. 64ನ್ನು 5.4ರಿಂದ ಭಾಗಿಸಿದರೆ 12ರ ಹತ್ತಿರ ಬರುತ್ತದೆ. 13ಕ್ಕಿಂತ ಕೆಳಗೆ ಬಂದರೆ ಥಲಸ್ಸೀಮಿಯಾ ಅನ್ನುವ, ವಂಶದಲ್ಲಿ ಇಳಿದುಬರುವ ರಕ್ತದ ಕಾಯಿಲೆಯ ವಾಹಕತ್ವ ಇರಬಹುದೇ ಅಂತ ವೈದ್ಯರು ಅನುಮಾನ ಪಡುತ್ತಾರೆ. ಬರೀ ಅನುಮಾನ, ಇನ್ನೂ ಖಚಿತವಲ್ಲ. ಖಚಿತಕ್ಕೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಆಗಬೇಕು. ಹಿಮೋಗ್ಲೋಬಿನ್ ಎ2 ಅನ್ನುವುದು ಶೇಕಡಾ 3.5 ಮೀರಿದ್ದರೆ ಸಾಮಾನ್ಯವಾಗಿ ವಾಹಕಿ ಅಂತ ಅರ್ಥ. ಜೊತೆಗೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಕೂಡ ನೋಡಿಸು. ಕಬ್ಬಿಣದ ಕೊರತೆ ಇದ್ದರೆ ಎ2 ಇದ್ದದ್ದಕ್ಕಿಂತ ಕಡಿಮೆ ತೋರಿಸಬಹುದು.

ವಾಹಕಿಯಾದರೆ ನಿನಗೇನೂ ಆಗುವುದಿಲ್ಲ. ಅದು ರೋಗವಲ್ಲ, ಹುಟ್ಟಿನಿಂದ ಬಂದ ಒಂದು ಗುಣ. ಓದು, ಕೆಲಸ, ಹೆರಿಗೆ ಎಲ್ಲ ಆಗುತ್ತದೆ. ಕೊರತೆಯಿಲ್ಲದೆ ಕಬ್ಬಿಣದ ಟಾನಿಕ್ ಸುಮ್ಮನೆ ಕುಡಿಯುತ್ತಾ ಹೋಗಬಾರದು ಅಷ್ಟೇ.

ನನ್ನ ಚಿಂತೆ ಮದುವೆಯದು. ಸೋದರಮಾವನಿಗೇ ನಿನ್ನನ್ನು ಕೊಡುವ ಮಾತು ಮನೆಯಲ್ಲಿ ನಡೆಯುತ್ತಿದೆ. ನಮ್ಮ ಕಡೆ ಅದು ಹೊಸದಲ್ಲ, ಹುಡುಗ ಒಳ್ಳೆಯವನು, ನಾನು ಅಡ್ಡ ಬರುವುದಿಲ್ಲ. ಆದರೆ ನಿನಗೆ ಈ ವಾಹಕತ್ವ ನಿನ್ನ ಅಮ್ಮನಿಂದ ಬಂದಿದ್ದು, ಅವಳಿಗೆ ತನ್ನ ಅಪ್ಪನಿಂದಲೋ ಅಮ್ಮನಿಂದಲೋ ಬಂದಿದ್ದರೆ, ಅದೇ ಹೊಟ್ಟೆಯಲ್ಲಿ ಹುಟ್ಟಿದ ಅವನಿಗೂ ಇರುವ ಸಂಭವ ಅರ್ಧಕ್ಕರ್ಧ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು, ಮಗು ಥಲಸ್ಸೀಮಿಯಾ ಮೇಜರ್ ಆಗಿ ಹುಟ್ಟಬಹುದು. ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ಆರು ತಿಂಗಳು ಕಳೆದ ಮೇಲೆ ಬಿಳಿಚಿಕೊಳ್ಳುತ್ತದೆ, ಹೊಟ್ಟೆ ಊದುತ್ತದೆ. ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಕಿದ ರಕ್ತದ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಕೂರದಂತೆ ದಿನವೂ ಔಷಧಿ. ಅಸ್ಥಿಮಜ್ಜೆ ಕಸಿಯಿಂದ ವಾಸಿಯಾಗುತ್ತದೆ, ಆದರೆ ಹೊಂದುವ ದಾನಿ ಎಲ್ಲರಿಗೂ ಸಿಗುವುದಿಲ್ಲ. ಹೊರಗಿನ ಹುಡುಗನನ್ನು ಮಾಡಿಕೊಂಡರೂ ಅವನ ಪರೀಕ್ಷೆ ಆಗಲೇಬೇಕು.

ಈಗಲೇ, ಲಗ್ನಪತ್ರಿಕೆ ಬರೆಸುವ ಮೊದಲೇ ಪರೀಕ್ಷೆ ಮಾಡಿಸಿದರೆ ಅದು ಮನೆಯೊಳಗಿನ ಮಾತು. ಆಮೇಲೆ ಊರಿನ ಮಾತು. ಇಬ್ಬರಿಗೂ ಇದ್ದು, ಆದರೂ ಮದುವೆಯಾಗುತ್ತೀರಿ ಅಂದರೆ ಬಸಿರಾದ ಹತ್ತು–ಹನ್ನೆರಡನೇ ವಾರದ ಹೊತ್ತಿಗೆ ಮಗುವಿನ ಪರೀಕ್ಷೆ ಮಾಡಿಸುವ ದಾರಿ ಇದೆ. ಅದಕ್ಕೆ ಮುಟ್ಟು ನಿಂತ ಕೂಡಲೇ ವೈದ್ಯರ ಬಳಿ ಹೋಗಬೇಕು.

ಟಮಕದ ಜಾಲಪ್ಪ ಆಸ್ಪತ್ರೆಯಲ್ಲೋ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೋ ಎಚ್‌ಪಿಎಲ್‌ಸಿ ಪರೀಕ್ಷೆ ಎಲ್ಲಿ ಆಗುತ್ತದೆ ಅಂತ ಕೇಳು. ಹೋಗುವಾಗ ಹಳೆಯ ಚೀಟಿ ಮರೆಯಬೇಡ. ಮಾವನ ಹತ್ತಿರ ಈ ಮಾತು ಎತ್ತುವುದಕ್ಕೆ ನಿನಗೆ ಸಂಕೋಚವಾದರೆ ನನಗೆ ಬಿಡು. ಅವನನ್ನು ಎತ್ತಿ ಆಡಿಸಿದವಳು ನಾನು, ನಾನೇ ಹೇಳುತ್ತೇನೆ.